ಐವಾನ್, ಅಂಗಳ, ಬಾದ್‌ಗೀರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಇರಾನಿನ ಯಜ್ದ್ ಮತ್ತು ಇಸ್ಫಹಾನ್ ನಗರಗಳ ಹಳೆಯ ಕಟ್ಟಡಗಳ ಬಗ್ಗೆ ಒಂದು ಚಿಕ್ಕ ಉತ್ತರ ಪ್ರಕಟವಾಗಿತ್ತು. ಅದನ್ನು ಓದಿದ ಉತ್ತರ ಕನ್ನಡ ಜಿಲ್ಲೆಯ ಓದುಗರು, ಘಟ್ಟದ ಮೇಲಿನವರೂ ಕೆಳಗಿನವರೂ, ಒಂದರ ಹಿಂದೊಂದು ಪತ್ರ ಬರೆದಿದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ (ಸಿರ್ಸಿ): ಇರಾನಿನಲ್ಲಿ ರಾಜವಂಶಗಳು ಬದಲಾದವು, ಧರ್ಮವೂ ಬದಲಾಯಿತು. ಆದರೂ ಕಟ್ಟಡಗಳ ಮೂಲ ಅಂಶಗಳು ಹಾಗೆಯೇ ಉಳಿದವು ಎನ್ನುತ್ತಾರೆ. ಇದು ನಿಜವೇ? ನಿಜವಾದರೆ ಉಳಿದದ್ದು ಯಾವುದು, ಉಳಿದದ್ದು ಏಕೆ?

ಉತ್ತರ: ಬಹುಮಟ್ಟಿಗೆ ನಿಜ. ಉಳಿದು ಬಂದವುಗಳಲ್ಲಿ ಮೊದಲು ಹೇಳಬೇಕಾದದ್ದು ಐವಾನ್. ಮೂರು ಕಡೆ ಗೋಡೆ, ಮೇಲೆ ಕಮಾನಿನ ಛಾವಣಿ, ನಾಲ್ಕನೆಯ ಕಡೆ ಅಡಿಯಿಂದ ಮುಡಿಯವರೆಗೆ ತೆರೆದಿರುವ ಎತ್ತರದ ಹಜಾರಕ್ಕೆ ಈ ಹೆಸರು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಪಾರ್ಥಿಯನ್ನರ ಆಳ್ವಿಕೆಯಲ್ಲಿ ಅದು ರೂಪು ತಳೆಯಿತು; ಅವರ ನಂತರ ಬಂದ ಸಾಸಾನಿ ದೊರೆಗಳು ಅದನ್ನು ಸಿಂಹಾಸನದ ಸಭಾಂಗಣವಾಗಿ ಬೆಳೆಸಿದರು. ಈಗಿನ ಇರಾಕಿನ ಬಾಗ್ದಾದ್ ಸಮೀಪ, ಅವರ ಹಳೆಯ ರಾಜಧಾನಿ ಟೆಸಿಫೋನಿನಲ್ಲಿ, ತಾಕ್-ಎ-ಕಿಸ್ರಾ ಎಂಬ ಐವಾನಿನ ಕಮಾನು ಇಂದಿಗೂ ನಿಂತಿದೆ. ಸುಮಾರು 25 ಮೀಟರ್ ಅಗಲದ ಆ ಕಮಾನಿನಲ್ಲಿ ತೊಲೆಯಿಲ್ಲ, ಕಬ್ಬಿಣವಿಲ್ಲ, ಇರುವುದು ಇಟ್ಟಿಗೆ ಮತ್ತು ಗಾರೆ ಮಾತ್ರ. ಇಸ್ಲಾಂ ಬಂದ ಮೇಲೆ ಅರಮನೆಯ ಈ ಐವಾನ್ ಮಸೀದಿಯ ಅಂಗಳಕ್ಕೆ ಬಂತು. ಇಸ್ಫಹಾನಿನ ಜಾಮೆ ಮಸೀದಿಯಲ್ಲಿ 12ನೇ ಶತಮಾನದಲ್ಲಿ, ಸೆಲ್ಜೂಕ್ ಸುಲ್ತಾನರ ಕಾಲದಲ್ಲಿ, ಅಂಗಳದ ನಾಲ್ಕೂ ಬದಿಗಳ ನಡುಮಧ್ಯೆ ಒಂದೊಂದು ಐವಾನ್ ಎದ್ದಿತು. ಆಮೇಲೆ ಮದ್ರಸಾಗಳಿಗೂ, ವ್ಯಾಪಾರಿಗಳ ಛತ್ರಗಳಿಗೂ, ಶ್ರೀಮಂತರ ಮನೆಗಳಿಗೂ ಅದೇ ನಾಲ್ಕು ಐವಾನಿನ ವಿನ್ಯಾಸ ಮಾದರಿಯಾಯಿತು.

ಎರಡನೆಯದು ಚೌಕದ ಮೇಲೆ ಕೂರಿಸಿದ ಗುಮ್ಮಟ. ಕೋಣೆಗೆ ನಾಲ್ಕು ಮೂಲೆ, ಗುಮ್ಮಟದ ಬುಡಕ್ಕೆ ಮೂಲೆಯೇ ಇಲ್ಲ. ಹಾಗಾಗಿ ಗುಮ್ಮಟವನ್ನು ಗೋಡೆಗಳ ಮೇಲಿಟ್ಟರೆ ನಾಲ್ಕೂ ಮೂಲೆಗಳಲ್ಲಿ ಅದಕ್ಕೆ ಆಧಾರ ಸಿಗುವುದಿಲ್ಲ. ಇರಾನಿನ ಗೌಂಡಿಗಳು ಪ್ರತಿ ಮೂಲೆಗೂ ಅಡ್ಡಲಾಗಿ ಒಂದು ಚಿಕ್ಕ ಕಮಾನು ಕಟ್ಟಿದರು. ಆಗ ಚೌಕಕ್ಕೆ ಎಂಟು ಬದಿಗಳಾದವು. ಆ ಎಂಟರ ಮೇಲೆ ಇನ್ನೂ ಚಿಕ್ಕ ಕಮಾನುಗಳನ್ನಿಟ್ಟು ಹದಿನಾರು ಮಾಡಿದರೆ ಅದು ವೃತ್ತಕ್ಕೆ ತೀರಾ ಹತ್ತಿರವಾಗುತ್ತದೆ, ಗುಮ್ಮಟ ಅದರ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ಫಾರ್ಸ್ ಪ್ರಾಂತದ ಫಿರೂಜಾಬಾದಿನಲ್ಲಿ 3ನೇ ಶತಮಾನದ ಸಾಸಾನಿ ದೊರೆ ಅರ್ದಶೀರನ ಅರಮನೆಯಲ್ಲಿ ಈ ಮೂಲೆಗಮಾನುಗಳು ಒರಟು ಕಲ್ಲಿನಲ್ಲಿವೆ. ಅದಾಗಿ ಎಂಟು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1088ರಲ್ಲಿ ಇಸ್ಫಹಾನಿನ ಜಾಮೆ ಮಸೀದಿಯ ಉತ್ತರದ ಗುಮ್ಮಟ ಕಟ್ಟಿದವರು ಅದೇ ಉಪಾಯವನ್ನು ಇಟ್ಟಿಗೆಯಲ್ಲಿ ಎಷ್ಟು ನಾಜೂಕಾಗಿ ನಿರ್ವಹಿಸಿದರೆಂದರೆ, ನೆಲದಿಂದ ಏಳುವ ಪ್ರತಿಯೊಂದು ಗೆರೆಯೂ ಕಡಿಯದೆ ಮೇಲಿನವರೆಗೆ ಏರಿಹೋಗುತ್ತದೆ. ಜಗತ್ತಿನ ಯಾವ ಕೋಣೆಯನ್ನು ಒಮ್ಮೆ ನೋಡಲೇಬೇಕು ಎಂದು ಯಾರಾದರೂ ಕೇಳಿದರೆ ನಾನು ಹೆಸರಿಸುವುದು ಇದನ್ನೇ.

ಇನ್ನು ಏಕೆ ಉಳಿದವು ಎಂಬುದು. ಇರಾನಿನ ಒಣ ಪ್ರಸ್ಥಭೂಮಿಯಲ್ಲಿ ಕೋಣೆಯ ಅಗಲಕ್ಕೆ ಸಾಲುವ ಮರದ ತೊಲೆ ದುರ್ಲಭ, ಮಣ್ಣು ಮಾತ್ರ ಎಲ್ಲೆಡೆ ಯಥೇಚ್ಛ. ಮರವಿಲ್ಲದೆ ಸೂರು ಮುಚ್ಚಬೇಕಾದವನಿಗೆ ಕಮಾನು ಮತ್ತು ಗುಮ್ಮಟ ಬಿಟ್ಟು ಬೇರೆ ದಾರಿಯಿಲ್ಲ. ಕಮಾನು ಕಟ್ಟುವಾಗ ಆಸರೆಗೆ ಬೇಕಾದ ಮರದ ಚೌಕಟ್ಟನ್ನೂ ಅವರು ಸಾಧ್ಯವಿದ್ದಲ್ಲೆಲ್ಲ ಕೈಬಿಟ್ಟರು: ಇಟ್ಟಿಗೆಗಳನ್ನು ಹಿಂದಿನ ಗೋಡೆಗೆ ತುಸು ಒರಗಿಸಿ, ಬೇಗ ಗಟ್ಟಿಯಾಗುವ ಜಿಪ್ಸಂ ಗಾರೆಯಲ್ಲಿ ಅಂಟಿಸುತ್ತ ಸಾಲಿನ ಮೇಲೆ ಸಾಲು ಮುಂದಕ್ಕೆ ಬಂದರೆ, ಪ್ರತಿ ಸಾಲೂ ಹಿಂದಿನ ಸಾಲನ್ನೇ ಆಧರಿಸಿ ನಿಲ್ಲುತ್ತದೆ. ದೊರೆ ಯಾರೇ ಆಗಲಿ, ಪ್ರಾರ್ಥನೆ ಯಾವುದೇ ಆಗಲಿ, ಮಣ್ಣು, ಬಿಸಿಲು ಮತ್ತು ಮರದ ಬರ ಬದಲಾಗಲಿಲ್ಲ. ಹೀಗಾಗಿ ಗೌಂಡಿಯ ಕೈಯಲ್ಲಿದ್ದ ಉತ್ತರವೂ ಬದಲಾಗಲಿಲ್ಲ. ಮುಂದಿನ ಪ್ರಶ್ನೆಗಳಿಗೆಲ್ಲ ನಾನು ಈ ಕಾರಣವನ್ನೇ ಹಿಡಿದು ಉತ್ತರಿಸುತ್ತೇನೆ.

ಪ್ರಶ್ನೆ (ಯಲ್ಲಾಪುರ): ಇರಾನಿನಲ್ಲಿ ಮರ ಕಡಿಮೆ ಎಂದು ಕಳೆದ ಸಲವೂ ಬರೆದಿದ್ದಿರಿ. ಆದರೆ ಇಸ್ಫಹಾನಿನ ಚೆಹೆಲ್ ಸೊತೂನ್ ಅರಮನೆಯ ಚಿತ್ರದಲ್ಲಿ ಎತ್ತರದ ಮರದ ಕಂಬಗಳೇ ಕಾಣುತ್ತವಲ್ಲ?

ಉತ್ತರ: ನೀವು ಕಂಡದ್ದು ಸರಿ. 1647ರಲ್ಲಿ, ಎರಡನೇ ಶಾ ಅಬ್ಬಾಸನ ಕಾಲದಲ್ಲಿ ಪೂರ್ಣಗೊಂಡ ಆ ಅರಮನೆಯ ಮುಂದಿನ ತೆರೆದ ಚಾವಡಿಯಲ್ಲಿ ಇಪ್ಪತ್ತು ಮರದ ಕಂಬಗಳಿವೆ. ಎದುರಿನ ಉದ್ದನೆಯ ಕೊಳದಲ್ಲಿ ಅವುಗಳ ಪ್ರತಿಬಿಂಬ ಸೇರಿ ನಲವತ್ತಾಗುತ್ತವೆ ಎಂಬುದು ಪ್ರಸಿದ್ಧ ಮಾತು. ಕಂಬಗಳ ಚಾವಡಿ ಇರಾನಿನಲ್ಲಿ ಐವಾನಿಗಿಂತಲೂ ಹಳೆಯದು. ಕ್ರಿಸ್ತಪೂರ್ವ ಕಾಲದ ರಾಜಧಾನಿ ಪರ್ಸೆಪೊಲಿಸ್‌ನ ಅಪದಾನ ಸಭಾಭವನಕ್ಕೆ 72 ಕಲ್ಲಿನ ಕಂಬಗಳಿದ್ದವು, ಅವುಗಳಲ್ಲಿ 13 ಇನ್ನೂ ನಿಂತಿವೆ. ಅದರ ಸೂರು ಮರದ್ದಾಗಿತ್ತು. ಆದರೆ ಅದು ಚಕ್ರವರ್ತಿಗಳಿಗೆ ಮಾತ್ರ ಎಟುಕುವ ಮರ. ಸೂಸಾ ನಗರದ ತನ್ನ ಅರಮನೆಗೆ ಸೀಡರ್ ಮರವನ್ನು ದೂರದ ಲೆಬನಾನ್ ಪರ್ವತದಿಂದ ತರಿಸಿದ್ದನ್ನು ದೊರೆ ದಾರಿಯಸ್ ಒಂದು ಸಾಧನೆಯೆಂದೇ ಶಾಸನದಲ್ಲಿ ಬರೆಸಿದ್ದಾನೆ. ಯಲ್ಲಾಪುರದ ಕಾಡಿನ ನಡುವೆ ಬೆಳೆದವರಿಗೆ ತೊಲೆಯೊಂದು ಶಾಸನಕ್ಕೆ ಯೋಗ್ಯವಾದ ವಸ್ತು ಎಂದರೆ ವಿಚಿತ್ರವಾಗಿ ಕಾಣಬಹುದು, ಆದರೆ ಅಲ್ಲಿ ಅದು ಹಾಗೆಯೇ ಇತ್ತು.

ಪ್ರಶ್ನೆ (ಸಿರ್ಸಿ ತಾಲ್ಲೂಕಿನ ಒಂದು ಹಳ್ಳಿ): ನಮ್ಮದು ಹಳೆಯ ಚೌಕಿ ಮನೆ. ಕಾಶಾನ್ ಊರಿನ ಹವೇಲಿಗಳ ನಡುವಿನ ಅಂಗಳದ ಚಿತ್ರ ನೋಡಿದಾಗ ನಮ್ಮ ಒಳ ಅಂಗಳವೇ ನೆನಪಾಯಿತು. ಇವೆರಡೂ ಒಂದೇ ಕಲ್ಪನೆಯೇ?

ಉತ್ತರ: ಮೇಲಿನಿಂದ ನೋಡಿದರೆ ಎರಡೂ ಒಂದೇ, ಒಳಗೆ ಬದುಕಿ ನೋಡಿದರೆ ಬಹಳ ಬೇರೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಾಶಾನಿನ 19ನೇ ಶತಮಾನದ ಬೊರುಜೆರ್ದಿ ಅಥವಾ ತಬಾತಬಾಯಿ ಮನೆಗೆ ಬೀದಿಯಿಂದ ಬರುವವನಿಗೆ ಮೊದಲು ಕಾಣುವುದು ಕಿಟಕಿಯೇ ಇಲ್ಲದ ಮಣ್ಣುಬಣ್ಣದ ಗೋಡೆ. ಕದಕ್ಕೆ ಎರಡು ಬಗೆಯ ತಟ್ಟುಗುಬ್ಬಿ: ಒಂದು ಗಂಡಸರಿಗೆ, ಒಂದು ಹೆಂಗಸರಿಗೆ, ಸದ್ದು ಬೇರೆಯಾದ್ದರಿಂದ ಬಂದವರು ಯಾರೆಂದು ಒಳಗಿನವರಿಗೆ ಕದ ತೆರೆಯುವ ಮೊದಲೇ ತಿಳಿಯುತ್ತದೆ. ಕದ ದಾಟಿದರೆ ಹಶ್ತಿ ಎಂಬ ಎಂಟು ಮೂಲೆಯ ನಡುಕೋಣೆ. ಅಲ್ಲಿಂದ ಅಂಗಳಕ್ಕೆ ನೇರ ದಾರಿಯಿಲ್ಲ, ತಿರುವಿರುವ ಇಕ್ಕಟ್ಟಾದ ಓಣಿಯಿದೆ. ಒಂದು ಓಣಿ ಅತಿಥಿಗಳ ಭಾಗಕ್ಕೆ, ಇನ್ನೊಂದು ಮನೆಯವರ ಭಾಗಕ್ಕೆ. ಆ ತಿರುವನ್ನು ದಾಟಿದ ಮೇಲೆಯೇ ಬೆಳಕು, ಕೊಳ, ದಾಳಿಂಬೆ ಗಿಡ, ಗಾರೆಯ ಚಿತ್ತಾರ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಇರಾನಿನ ವಾಸ್ತು ವಿದ್ವಾಂಸ ಮೊಹಮ್ಮದ್ ಕರೀಮ್ ಪಿರ್ನಿಯಾ ತಮ್ಮ ನಾಡಿನ ಕಟ್ಟಡಗಳಲ್ಲಿ ಐದು ತತ್ತ್ವಗಳನ್ನು ಗುರುತಿಸಿದ್ದರು: ಮನುಷ್ಯನ ಅಳತೆ ಮತ್ತು ಅಗತ್ಯಕ್ಕೆ ತಕ್ಕಂತಿರುವುದು, ನಿರರ್ಥಕವಾದದ್ದನ್ನು ಬಿಡುವುದು, ರಚನೆಯ ಗಟ್ಟಿತನ, ಹತ್ತಿರ ಸಿಗುವ ಸಾಮಗ್ರಿಯಲ್ಲೇ ಕಟ್ಟುವ ಸ್ವಾವಲಂಬನೆ ಮತ್ತು ಒಳಮುಖತೆ. ಕಾಶಾನಿನ ಮನೆ ಈ ಐದನೆಯದರ ಪೂರ್ಣ ರೂಪ.

ನಿಮ್ಮ ಚೌಕಿ ಮನೆ ಹೊರಗಿನವರಿಗೆ ಬೆನ್ನು ಹಾಕುವುದಿಲ್ಲ. ಅದರ ಜಗಲಿ ಅಂಗಳಕ್ಕೂ ಅಡಕೆ ತೋಟಕ್ಕೂ ತೆರೆದುಕೊಂಡಿರುತ್ತದೆ. ಬಂದವರು ಅಲ್ಲೇ ಕೂತು, ಕವಳ ಹಾಕಿ, ಮಾತಾಡಿ, ಒಳಗೆ ಕಾಲಿಡದೆಯೇ ಹೋಗಬಹುದು. ಅತಿಥಿಗೂ ಮನೆಯ ಒಳಭಾಗಕ್ಕೂ ನಡುವೆ ಅಂತರ ಇಲ್ಲೂ ಉಂಟು, ಆದರೆ ಅದನ್ನು ಕಾಯುವುದು ಗೋಡೆಯ ತಿರುವಲ್ಲ, ಜಗಲಿಯ ರೂಢಿ.

ನೀರಿನ ವಿಷಯದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಚೌಕಿಯ ನಾಲ್ಕೂ ಮಾಡುಗಳ ಒಳ ಇಳಿಜಾರಿನಿಂದ ಮಳೆನೀರು ಅಂಗಳಕ್ಕೇ ಸುರಿಯುತ್ತದೆ. ಆಷಾಢದಲ್ಲಿ ಆ ನೀರನ್ನು ನಿಲ್ಲಗೊಡದೆ ಹೊರಗೆ ಸಾಗಿಸುವ ಕಲ್ಲಿನ ಮೋರಿಯೇ ಚೌಕಿಯ ಪ್ರಾಣ. ಅದು ಕಟ್ಟಿಕೊಂಡರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಕಾಶಾನಿನ ಅಂಗಳದ ಕೊಳಕ್ಕೆ ನೀರು ಆಕಾಶದಿಂದ ಬರುವುದಿಲ್ಲ, ದೂರದ ಬೆಟ್ಟದ ಬುಡದಿಂದ ಕನಾತ್ ಎಂಬ ನೆಲದಡಿಯ ಕಾಲುವೆಯಲ್ಲಿ ಬರುತ್ತದೆ. ಹಾಗೆ ಬಂದ ನೀರನ್ನು ಹಿಡಿದಿಟ್ಟುಕೊಳ್ಳುವುದೇ ಅಲ್ಲಿಯ ಅಂಗಳದ ಕೆಲಸ. ಕೆಲವು ಮನೆಗಳಲ್ಲಿ ಅಂಗಳವನ್ನೇ ಒಂದು ಅಂತಸ್ತು ಆಳಕ್ಕೆ ಅಗೆದು ತಗ್ಗಿನ ತೋಟ ಮಾಡುತ್ತಿದ್ದರು. ಅಗೆದ ಮಣ್ಣು ಇಟ್ಟಿಗೆಗೆ ಒದಗುತ್ತಿತ್ತು, ಆಳದ ನೆಲ ತಂಪು ಕೊಡುತ್ತಿತ್ತು, ಕೆಳಮಟ್ಟದಲ್ಲಿ ಹರಿಯುವ ನೀರೂ ಕೈಗೆ ಸಿಗುತ್ತಿತ್ತು.

ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಅಲ್ಲಿಯ ಕುಟುಂಬ ಋತುವಿಗೆ ತಕ್ಕಂತೆ ಮನೆಯೊಳಗೇ ವಲಸೆ ಹೋಗುತ್ತಿತ್ತು. ಅಂಗಳದ ಉತ್ತರ ಬದಿಯ ಕೋಣೆಗಳು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಚಳಿಗಾಲದ ಇಳಿಬಿಸಿಲು ಬೀಳುತ್ತದೆ. ದಕ್ಷಿಣ ಬದಿಯವು ಉತ್ತರಕ್ಕೆ ಮುಖ ಮಾಡಿ ನೆರಳಿನಲ್ಲಿರುವುದರಿಂದ ಬೇಸಿಗೆಗೆ ಒಗ್ಗುತ್ತವೆ. ಸೆಕೆಗೆ ಒಂದು ಬದಿ, ಚಳಿಗೆ ಎದುರು ಬದಿ, ನಡುವೆ ದಾಟಬೇಕಾದದ್ದು ಅಂಗಳವೊಂದೇ.

ಪ್ರಶ್ನೆ (ಕಾರವಾರ): ನಾವು ಹೊಸ ಮನೆ ಕಟ್ಟಿಸುತ್ತಿದ್ದೇವೆ. ವಿನ್ಯಾಸಕಾರರು ಯಜ್ದ್ ಊರಿನ ಬಾದ್‌ಗೀರಿನ ಚಿತ್ರ ತೋರಿಸಿ, ಅದನ್ನು ಕಟ್ಟಿದರೆ ಹವಾನಿಯಂತ್ರಕವೇ ಬೇಡ ಎಂದಿದ್ದಾರೆ. ಕಟ್ಟಬಹುದೇ?

ಉತ್ತರ: ಯಜ್ದಿನ ಬಾದ್‌ಗೀರನ್ನು ಇದ್ದ ಹಾಗೆ ತಂದು ಕಾರವಾರದಲ್ಲಿ ನಿಲ್ಲಿಸಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಕಾರಣ ತಿಳಿಯಲು ಅದು ಕೆಲಸ ಮಾಡುವ ಬಗೆಯನ್ನು ನೋಡಬೇಕು.

ಬಾದ್‌ಗೀರ್ ಎಂದರೆ ಮಾಡಿನ ಮೇಲೆ ಏಳುವ ಎತ್ತರದ ಪೊಳ್ಳು ಗೋಪುರ. ಅದರ ತಲೆಯಲ್ಲಿ ಉದ್ದುದ್ದ ಸೀಳು ಬಾಯಿಗಳು. ಒಳಗೆ ಮೇಲಿನಿಂದ ಕೆಳಗಿನವರೆಗೆ ಇಟ್ಟಿಗೆಯ ಅಡ್ಡಗೋಡೆಗಳು ಗೋಪುರವನ್ನು ಹಲವು ಕೊಳವೆಗಳಾಗಿ ಸೀಳುತ್ತವೆ. ಗಾಳಿ ಬೀಸುವ ಕಡೆಯ ಕೊಳವೆಯಲ್ಲಿ ಗಾಳಿ ಕೆಳಗಿಳಿದು ಬೇಸಿಗೆಯ ಹಜಾರಕ್ಕೆ ಬರುತ್ತದೆ, ಎದುರು ಕಡೆಯ ಕೊಳವೆಯ ಬಾಯಲ್ಲಿ ಒತ್ತಡ ಕಡಿಮೆಯಾಗಿ ಒಳಗಿನ ಬಿಸಿಗಾಳಿಯನ್ನು ಅದು ಹೀರಿ ಹೊರಹಾಕುತ್ತದೆ. ಗಾಳಿಯೇ ಇಲ್ಲದ ದಿನವೂ ಬಿಸಿಲಿಗೆ ಕಾದ ಗೋಡೆ ಒಳಗಿನ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಯಜ್ದಿನ ದೌಲತಾಬಾದ್ ಉದ್ಯಾನದ ಎಂಟು ಮೂಲೆಯ ಬಾದ್‌ಗೀರ್ ಸುಮಾರು 33 ಮೀಟರ್ ಎತ್ತರವಿದೆ. ಅದರ ಬುಡದಲ್ಲಿ ಕೊಳವಿದೆ, ಮತ್ತು ಆ ಕೊಳದಲ್ಲೇ ತಂಪಿನ ಗುಟ್ಟಿದೆ: ಒಣಗಾಳಿ ನೀರನ್ನು ತಾಗಿದಾಗ ನೀರು ಆವಿಯಾಗಿ, ಆವಿಯಾಗುವುದಕ್ಕೆ ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ.

ಯಜ್ದಿನಲ್ಲಿ ವರ್ಷದ ಮಳೆ 60 ಮಿಲಿಮೀಟರ್ ಆಸುಪಾಸು. ಕಾರವಾರದಲ್ಲಿ ಅದು 3000 ಮಿಲಿಮೀಟರ್ ಆಸುಪಾಸು, ಎಂದರೆ ಅಲ್ಲಿಯ ಐವತ್ತು ವರ್ಷಗಳ ಮಳೆ ನಮಗೆ ಒಂದೇ ಮಳೆಗಾಲದಲ್ಲಿ ಬರುತ್ತದೆ. ನಮ್ಮ ಕಡಲ ಗಾಳಿ ಈಗಾಗಲೇ ತೇವದಿಂದ ತುಂಬಿರುವುದರಿಂದ ಅದು ಕೊಳದ ನೀರನ್ನು ಹೆಚ್ಚು ಹೀರಲಾರದು. ಮೇ ತಿಂಗಳ ಸೆಕೆಗೆ ಇನ್ನಷ್ಟು ತೇವ ಸೇರುತ್ತದೆ, ಅಷ್ಟೇ. ಜೂನ್ ಬಂತೆಂದರೆ ಗಾಳಿಗೆ ತೆರೆದ ಅದೇ ಬಾಯಿಗಳು ಅರಬ್ಬೀ ಸಮುದ್ರದ ಅಡ್ಡಮಳೆಯನ್ನು ನೇರವಾಗಿ ನಿಮ್ಮ ಹಜಾರಕ್ಕೆ ಇಳಿಸುತ್ತವೆ.

ಬಾದ್‌ಗೀರ್ ಒಣನಾಡಿಗೆ ಮಾತ್ರ ಸಲ್ಲುತ್ತದೆ ಎಂದೂ ತಿಳಿಯಬೇಡಿ. ಪರ್ಷಿಯನ್ ಕೊಲ್ಲಿಯ ದಂಡೆಯಲ್ಲಿ, ಬಂದರ್ ಲೆಂಗೆಯಲ್ಲೂ ಕೆಶ್ಮ್ ದ್ವೀಪದ ಲಾಫ್ತ್ ಊರಿನಲ್ಲೂ, ನಮ್ಮಂತೆಯೇ ಬೆವರು ಕಿತ್ತುಬರುವ ಹವೆಯಲ್ಲಿ ಬಾದ್‌ಗೀರ್‌ಗಳಿವೆ. ಇರಾನಿನ ಬಸ್ತಕ್ ಊರಿನಿಂದ ಹೋದ ವರ್ತಕರು ಅವನ್ನು ದುಬೈಗೂ ಒಯ್ದರು. ಆದರೆ ಅಲ್ಲಿಯವು ಕುಳ್ಳಾಗಿವೆ, ಬಾಯಿ ಅಗಲ, ಬುಡದಲ್ಲಿ ಕೊಳವಿಲ್ಲ. ಮೈಮೇಲೆ ಗಾಳಿ ಹಾಯಿಸಿ ಬೆವರು ಆರಿಸುವುದಷ್ಟೇ ಅವುಗಳ ಕೆಲಸ. ಅಲ್ಲಿ ಮಳೆ ಅಪರೂಪವಾದ್ದರಿಂದ ಬಾಯಿ ತೆರೆದಿಟ್ಟರೂ ನಡೆಯುತ್ತದೆ. ಕಾರವಾರದಲ್ಲಿ ಮೈಮೇಲೆ ಗಾಳಿ ಹಾಯುವಂತೆ ಮಾಡುವುದಕ್ಕೆ ಇದಕ್ಕಿಂತ ಅಗ್ಗದ, ಸೋರದ ದಾರಿಗಳಿವೆ: ಪಶ್ಚಿಮದ ಕಿಟಕಿಗೆ ಎದುರಾಗಿ ಪೂರ್ವದಲ್ಲೂ ಅಷ್ಟೇ ದೊಡ್ಡ ಕಿಟಕಿ, ಹಂಚಿನ ಮಾಡು, ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಸೂರಿನ ಮರೆಯಲ್ಲಿಟ್ಟ ಸಂದು. ನಿಮ್ಮ ವಿನ್ಯಾಸಕಾರರ ಉತ್ಸಾಹ ಒಳ್ಳೆಯದು, ಅದನ್ನು ಈ ನೆತ್ತಿಯ ಸಂದಿನ ಕಡೆಗೆ ತಿರುಗಿಸಿ ನೋಡಿ.

ಪ್ರಶ್ನೆ (ಹೊನ್ನಾವರ, ಕಾಲೇಜು ವಿದ್ಯಾರ್ಥಿನಿ): ಇರಾನಿನಲ್ಲಿ ಮಳೆ ಬೀಳುವ ಪ್ರದೇಶವೇ ಇಲ್ಲವೇ? ಇದ್ದರೆ ಅಲ್ಲಿಯ ಮನೆ ಹೇಗಿರುತ್ತದೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಪರ್ಷಿಯದ ವಾಸ್ತುವೆಂದರೆ ಮರುಭೂಮಿಯ ವಾಸ್ತು ಎಂಬ ಕಲ್ಪನೆ ಇದರಿಂದ ಸರಿಹೋಗುತ್ತದೆ. ಸಹ್ಯಾದ್ರಿ ಅರಬ್ಬೀ ಸಮುದ್ರದ ಮೋಡವನ್ನು ತಡೆಯುವಂತೆ ಉತ್ತರ ಇರಾನಿನಲ್ಲಿ ಅಲ್ಬೊರ್ಜ್ ಪರ್ವತಶ್ರೇಣಿ ಕ್ಯಾಸ್ಪಿಯನ್ ಸಮುದ್ರದ ತೇವವನ್ನು ತಡೆಯುತ್ತದೆ. ಶ್ರೇಣಿಯ ಆಚೆ ಒಣ ಪ್ರಸ್ಥಭೂಮಿ, ಈಚೆ ಗೀಲಾನ್ ಪ್ರಾಂತದ ಹಸಿರು. ಅಲ್ಲಿ ವರ್ಷಕ್ಕೆ 1000 ಮಿಲಿಮೀಟರ್ ದಾಟಿ ಮಳೆಯಾಗುತ್ತದೆ, ಗದ್ದೆಗಳಲ್ಲಿ ಭತ್ತ ಬೆಳೆಯುತ್ತದೆ.

ಆ ಗೀಲಾನಿನ ಹಳ್ಳಿಮನೆಗೆ ನಡು ಅಂಗಳವಿಲ್ಲ, ಗುಮ್ಮಟವಿಲ್ಲ, ಕುರುಡು ಗೋಡೆಯೂ ಇಲ್ಲ. ನೆಲದ ತೇವ ಏರದಂತೆ ಮನೆಯನ್ನು ಮರದ ದಿಮ್ಮಿಗಳ ಅಡ್ಡಪಟ್ಟಿಯ ಮೇಲೆ ಎತ್ತರಿಸಿರುತ್ತಾರೆ. ಮಾಡು ಕಡಿದಾದ ಇಳಿಜಾರು, ಹೊದಿಕೆ ಭತ್ತದ ಹುಲ್ಲು ಅಥವಾ ಸುಟ್ಟ ಮಣ್ಣಿನ ಹಂಚು, ಸೂರು ಬಹಳ ಮುಂದಕ್ಕೆ ಚಾಚಿದ್ದು. ಆ ಸೂರಿನ ಕೆಳಗೆ ಮನೆಯ ಸುತ್ತ ಮರದ ಕಂಬಗಳ ಚಾವಡಿ. ಬೇಸಿಗೆಯಲ್ಲಿ ಊಟ, ನಿದ್ದೆ, ಕೆಲಸ ಎಲ್ಲವೂ ಅಲ್ಲಿಯೇ. ಅಂಕೋಲಾ ಅಥವಾ ಕುಮಟಾದ ಯಾವ ಗೃಹಿಣಿಗೂ ಆ ಮನೆಯನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. 1990ರಲ್ಲಿ ಮಂಜೀಲ್–ರೂದ್‌ಬಾರ್ ಭೂಕಂಪ ಆ ಸೀಮೆಯ ಹಳ್ಳಿಗಳನ್ನು ಧ್ವಂಸ ಮಾಡಿತು. ಅನಂತರ ಉಳಿದಿದ್ದ ಹಳೆಯ ಮನೆಗಳಲ್ಲಿ ಕೆಲವನ್ನು ತುಂಡು ತುಂಡಾಗಿ ಬಿಚ್ಚಿ, ರಶ್ತ್ ನಗರದ ಸಮೀಪ ಸರವಾನ್ ಕಾಡಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ.

ಹೀಗೆ ಒಂದೇ ದೇಶದೊಳಗೆ, ಒಂದು ಪರ್ವತ ದಾಟಿದೊಡನೆ, ಒಳಮುಖದ ಮನೆ ಹೊರಮುಖವಾಗುತ್ತದೆ. ಕಾರವಾರದ ಓದುಗರಿಗೆ ನಾನು ಕೊಟ್ಟ ಸಲಹೆಗೆ ಇರಾನಿನಲ್ಲೇ ಪುರಾವೆ ಇದೆ: ಯಜ್ದಿನ ಬಾದ್‌ಗೀರನ್ನು ಗೀಲಾನಿನ ರೈತನೂ ತನ್ನ ಮನೆಗೆ ತರಲಿಲ್ಲ.

ಪ್ರಶ್ನೆ (ಭಟ್ಕಳ): ಇರಾನಿಗೆ ಹೋಗಲಾಗದವರು ಕರ್ನಾಟಕದಲ್ಲೇ ಈ ಶೈಲಿಯನ್ನು ಎಲ್ಲಿ ನೋಡಬಹುದು? ನಮ್ಮ ಭಟ್ಕಳ, ಹೊನ್ನಾವರಕ್ಕೆ ಪರ್ಷಿಯನ್ ಕೊಲ್ಲಿಯ ಬಂದರು ಹೊರ್ಮುಜ್‌ನಿಂದ ಹಡಗುಗಳು ಬರುತ್ತಿದ್ದವಲ್ಲ, ಕರಾವಳಿಯಲ್ಲಿ ಅಂಥ ಕಟ್ಟಡ ಏಕಿಲ್ಲ?

ಉತ್ತರ: ಬೀದರ್‌ಗೆ ಹೋಗಿ. ಅಲ್ಲಿಯ ಮಹಮೂದ್ ಗವಾನ್ ಮದ್ರಸಾ (1472) ಇರಾನಿನ ನಾಲ್ಕು ಐವಾನಿನ ಅಂಗಳವನ್ನು ನಮ್ಮ ನಾಡಿನಲ್ಲಿ ಕಣ್ಣಾರೆ ತೋರಿಸುತ್ತದೆ. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಗವಾನ್ ಹುಟ್ಟಿದ್ದು ಮೇಲೆ ಹೇಳಿದ ಅದೇ ಗೀಲಾನಿನಲ್ಲಿ. 1453ರಲ್ಲಿ ವ್ಯಾಪಾರಿಯಾಗಿ ಕೊಂಕಣದ ದಾಭೋಳ ಬಂದರಿಗೆ ಬಂದಿಳಿದವನು. ಮದ್ರಸಾದ ಒಂದು ಭಾಗ 17ನೇ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಕುಸಿದಿದೆ. ಉಳಿದ ಮಿನಾರಿನ ಹತ್ತಿರ ಹೋಗಿ ನಿಂತು ಹೆಂಚುಗಳನ್ನು ನೋಡಿ. ಬಿಳಿ, ಹಳದಿ, ಹಸಿರು, ನೀಲಿ. ಹೊಳಪು ಲೇಪಿಸಿ ಸುಟ್ಟ ಬಿಲ್ಲೆಗಳನ್ನು ಕತ್ತರಿಸಿ, ಒಂದರ ಪಕ್ಕ ಒಂದನ್ನು ಕೂದಲೆಳೆಯ ಸಂದೂ ಬಿಡದೆ ಜೋಡಿಸುವ ವಿಧಾನ ಅದು. ಕಳಚಿಬಿದ್ದ ಜಾಗದಲ್ಲಿ ಒಳಗಿನ ಗಾರೆಯ ಮೇಲೆ ಬಿಲ್ಲೆಯ ಅಚ್ಚು ಉಳಿದಿರುವುದನ್ನೂ ಗಮನಿಸಿ. ಕೆಲಸದ ಕ್ರಮ ಅಲ್ಲಿ ಓದಲು ಸಿಗುತ್ತದೆ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ. ಇರಾನಿನ ಕೆರ್ಮಾನ್ ಬಳಿಯ ಮಾಹಾನ್ ಊರಿನಲ್ಲಿರುವ ಸೂಫಿ ಸಂತ ಶಾ ನೇಮತುಲ್ಲಾ ವಲಿಯ ಸಮಾಧಿಯ ಗುಮ್ಮಟವನ್ನು 1436ರಲ್ಲಿ ಕಟ್ಟಿಸಿಕೊಟ್ಟವನು ಬೀದರಿನ ಅಹ್ಮದ್ ಶಾ ಬಹಮನಿ. ಇರಾನಿನ ಪ್ರಸಿದ್ಧ ಯಾತ್ರಾಸ್ಥಳವೊಂದರ ಗುಮ್ಮಟಕ್ಕೆ ಕರ್ನಾಟಕದ ಹಣ ಸಂದಿದೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ವಿಜಯಪುರದ ಗೋಲ ಗುಮ್ಮಟವನ್ನು ನೋಡುವಾಗ ಪಿಸುಗುಟ್ಟುವ ಮೊಗಸಾಲೆಯ ಮೋಜಿನಲ್ಲೇ ಮೈಮರೆಯದೆ, ಕೆಳಗೆ ನಿಂತು, ಒಂದನ್ನೊಂದು ಹಾದುಹೋಗುವ ಎಂಟು ದೊಡ್ಡ ಕಮಾನುಗಳನ್ನು ನೋಡಿ. ಚೌಕದಿಂದ ವೃತ್ತಕ್ಕೆ ಏರುವ ಹಳೆಯ ಸಮಸ್ಯೆಗೆ ಅದು ಬೇರೊಂದು ಉತ್ತರ. ಇರಾನಿನ ಖರ್ಗಿರ್ದ್ ಮದ್ರಸಾದಲ್ಲಿ (1444) ಚಿಕ್ಕ ಪ್ರಮಾಣದಲ್ಲಿ ಕಾಣುವ ಈ ಉಪಾಯವನ್ನು ಆದಿಲಶಾಹಿ ಗೌಂಡಿಗಳು ಹೊರಗಿನಿಂದ 44 ಮೀಟರ್ ವ್ಯಾಸದ ಗುಮ್ಮಟ ಹೊರುವಷ್ಟು ಬೆಳೆಸಿದರು.

ಕರಾವಳಿಯ ಬಗ್ಗೆ ನೀವು ಕೇಳಿದ್ದು ತೂಕದ ಪ್ರಶ್ನೆ. ಹೊರ್ಮುಜ್‌ನ ಕುದುರೆಗಳು ಭಟ್ಕಳದಲ್ಲಿ ಇಳಿದು ವಿಜಯನಗರಕ್ಕೆ ಹೋಗುತ್ತಿದ್ದವು. 1443ರಲ್ಲಿ ವಿಜಯನಗರ ಕಂಡ, ಈಗಿನ ಅಫ್ಘಾನಿಸ್ತಾನದ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್ ಮರಳುವಾಗ ಹಡಗು ಹತ್ತಿದ್ದು ಹೊನ್ನಾವರದಲ್ಲಿ. ಜನ ಬಂದರು, ಸರಕು ಬಂತು, ಮಾತೂ ಬಂತು. ಐವಾನ್ ಬಂದು ನೆಲೆಯೂರಲಿಲ್ಲ. ದೊಡ್ಡ ಕಟ್ಟಡಕ್ಕೆ ಹಣ ಸುರಿಯುವ ರಾಜಧಾನಿ ಘಟ್ಟದ ಮೇಲಿತ್ತು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮಳೆಯೆಂದೇ ನನ್ನ ಅಭಿಪ್ರಾಯ. ಮುಂಭಾಗ ಪೂರ್ತಿ ತೆರೆದ ಎತ್ತರದ ಹಜಾರ ನಮ್ಮ ಜುಲೈ ತಿಂಗಳಲ್ಲಿ ಬಳಕೆಗೆ ಬಾರದು. ಚಿರೆಕಲ್ಲು ಗೋಡೆ, ಇಳಿಜಾರು ಮಾಡು, ತಗ್ಗಿನ ಸೂರು ಇಲ್ಲಿ ಮೊದಲೇ ಸಿದ್ಧವಾಗಿದ್ದ ಉತ್ತರ.

ಪ್ರಶ್ನೆ (ಅಂಕೋಲಾ): ಇರಾನಿನ ಕನಾತ್ ಮತ್ತು ದಕ್ಷಿಣ ಕನ್ನಡದ ಸುರಂಗ ಬಾವಿ ಒಂದೇ ತಾನೇ?

ಉತ್ತರ: ನೀರನ್ನು ಮೇಲಕ್ಕೆತ್ತದೆ, ಅದರ ಭಾರದಿಂದಲೇ ಹರಿಸಿ ಹೊರತರುವ ಉಪಾಯ ಎರಡರಲ್ಲೂ ಒಂದೇ. ಅಳತೆ ಬೇರೆ. ದಕ್ಷಿಣ ಕನ್ನಡ, ಕಾಸರಗೋಡಿನ ಸುರಂಗ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಬಹುತೇಕ ಒಂದೆರಡು ಮನೆ ಮತ್ತು ತೋಟಕ್ಕೆ ಸಾಲುವಂಥದ್ದು. ಕನಾತ್ ಬೆಟ್ಟದ ಬುಡದ ಆಳವಾದ ತಾಯಿಬಾವಿಯಿಂದ ಹೊರಟು ಅತಿ ಸಣ್ಣ ಇಳಿಜಾರಿನಲ್ಲಿ ಕಿಲೋಮೀಟರುಗಟ್ಟಲೆ ಸಾಗಿ ಇಡೀ ಊರಿಗೆ ನೀರುಣಿಸುತ್ತದೆ. ಮಣ್ಣು ತೆಗೆಯಲೂ ಗಾಳಿಯಾಡಲೂ ದಾರಿಯುದ್ದಕ್ಕೂ ಲಂಬ ಬಾವಿಗಳ ಸಾಲು ಇರುತ್ತದೆ. 2016ರಲ್ಲಿ ಇಂಥ 11 ಕನಾತ್‌ಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೋಡಬೇಕೆಂದರೆ ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ, 2 ಕಿಲೋಮೀಟರಿಗೂ ಉದ್ದದ ಒಂದು ಕನಾತ್ ಇದೆ. ಅಲ್ಲಿಯವರು ಅದನ್ನು ಕರೇಜ್ ಎನ್ನುತ್ತಾರೆ.

ಪ್ರಶ್ನೆ (ಕುಮಟಾ): ಶಿರಾಜಿನ ನಾಸಿರ್ ಉಲ್ ಮುಲ್ಕ್ ಮಸೀದಿಯ ಬಣ್ಣದ ಗಾಜಿನ ಕಿಟಕಿಗಳು ನಮ್ಮ ಮನೆಯವರಿಗೆಲ್ಲ ಮೆಚ್ಚುಗೆಯಾಗಿವೆ. ಹಳೆಯ ಮನೆಯ ಜಗಲಿಗೆ ಅಂಥದ್ದನ್ನು ಮಾಡಿಸಬಹುದೇ?

ಉತ್ತರ: ಇದನ್ನು ಸಂತೋಷದಿಂದ ಮಾಡಿಸಬಹುದು. 1888ರಲ್ಲಿ ಮುಗಿದ ಆ ಮಸೀದಿಯಲ್ಲೂ ಕಾಶಾನ್, ಶಿರಾಜಿನ ಮನೆಗಳಲ್ಲೂ ಇರುವ ಈ ಕಿಟಕಿಗೆ ಓರ್ಸಿ ಎನ್ನುತ್ತಾರೆ. ಸಣ್ಣ ಮರದ ಪಟ್ಟಿಗಳಿಗೆ ಸಣ್ಣ ತೋಡು ಕೊರೆದು, ಜ್ಯಾಮಿತಿಯ ಜಾಲ ಹೆಣೆದು, ಆ ತೋಡಿನಲ್ಲಿ ಕೆಂಪು, ನೀಲಿ, ಹಳದಿ, ಹಸಿರು ಗಾಜಿನ ಚೂರುಗಳನ್ನು ಸಿಕ್ಕಿಸುತ್ತಾರೆ. ಅಂದದ ಜೊತೆಗೆ ಅದಕ್ಕೆ ಕೆಲಸವೂ ಇದೆ: ಅಂಗಳದ ಬಿಳಿಬಿಸಿಲಿನ ಝಳಪನ್ನು ಮೆತ್ತಗೆ ಮಾಡುತ್ತದೆ, ಒಳಗಿನವರನ್ನು ಹೊರಗಿನವರ ಕಣ್ಣಿನಿಂದ ಮರೆಮಾಡುತ್ತದೆ.

ಎರಡು ಮಾತುಗಳನ್ನು ಬಡಗಿಗೆ ಮೊದಲೇ ಹೇಳಿ. ಓರ್ಸಿಯ ಪಡಿ ಬದಿಗೆ ತೆರೆಯುವುದಿಲ್ಲ, ಚೌಕಟ್ಟಿನೊಳಗೆ ಮೇಲಕ್ಕೆ ಜಾರುತ್ತದೆ. ಇರಾನಿನ ಒಣಹವೆಯಲ್ಲಿ ಅದು ಸರಾಗ. ನಮ್ಮಲ್ಲಿ ಮಳೆಗಾಲಕ್ಕೆ ಮರ ಉಬ್ಬಿದರೆ ಪಡಿ ಜಾಡಿನಲ್ಲೇ ಕಚ್ಚಿಕೊಂಡು ನವರಾತ್ರಿಯವರೆಗೂ ಅಲುಗುವುದಿಲ್ಲ. ಆದ್ದರಿಂದ ಜಾಲವನ್ನು ಹಾಗೆಯೇ ಇಟ್ಟುಕೊಂಡು, ಪಡಿಯನ್ನು ತಿರುಗಣೆ ಹಾಕಿ ಬದಿಗೆ ತೆರೆಯುವಂತೆ ಮಾಡಿಸಿ. ಚೆನ್ನಾಗಿ ಒಣಗಿದ ಸಾಗುವಾನಿ ಅಥವಾ ಹಲಸು ಆದೀತು. ಹಸಿ ಮರ ಬೇಡವೇ ಬೇಡ, ಪಟ್ಟಿ ತಿರುಚಿದರೆ ಗಾಜು ಒಡೆಯುತ್ತದೆ. ಇನ್ನೊಂದು ಮಾತು ಜಾಗದ್ದು. ಮಳೆ ಹೊಡೆಯುವ ನೈಋತ್ಯದ ಬದಿ ಬಿಟ್ಟು, ಸೂರು ಮೂರಡಿಯಾದರೂ ಮುಂದೆ ಚಾಚಿರುವ ಪೂರ್ವದ ಬದಿಯಲ್ಲಿ ಕೂರಿಸಿ. ಬೆಳಗಿನ ಇಳಿಬಿಸಿಲು ಅಲ್ಲಿಯೇ ಒಳಗೆ ಬೀಳುವುದರಿಂದ ಬಣ್ಣವೂ ನೆಲದ ಮೇಲೆ ಚೆನ್ನಾಗಿ ಮೂಡುತ್ತದೆ. ಕೆಂಪು ಕಾವಿ ನೆಲವಿದ್ದರೆ ಅದರ ಮೇಲೆ ನೀಲಿ ಗಾಜಿನ ಬೆಳಕು ಕಪ್ಪಾಗಿ ಕಾಣುವುದರಿಂದ ಹಳದಿಯನ್ನೂ ಬಣ್ಣವಿಲ್ಲದ ಗಾಜನ್ನೂ ಹೆಚ್ಚು ಹಾಕಿಸಿ.